ಎರಡು ತಳದ ಬುಟ್ಟಿ

ಶಂಕುವಿನ ಭಿನ್ನಕ. ಪುಸ್ತಕದಲ್ಲೊಂದು ಬಕೆಟ್ಟು:
ಮೇಲಿನ ತ್ರಿಜ್ಯ ಇಪ್ಪತ್ತೆಂಟು, ಕೆಳಗಿನದು ಇಪ್ಪತ್ತೊಂದು.
ಹದಿನಾಲ್ಕು ವರ್ಷದಿಂದ ಅದನ್ನು ತುಂಬಿಸುತ್ತಿದ್ದೇನೆ,
ಒಂದು ಹನಿ ಚೆಲ್ಲಿದ್ದಿಲ್ಲ.

ಆ ಸೋಮವಾರ ಅನ್ವಿತ ತಡವಾಗಿ ಬಂದ.
ಮಲ್ಪೆಯ ಎಂಟು ಹತ್ತರ ಬಸ್ಸು
ಕಲ್ಮಾಡಿ ಸೇತುವೆಯ ಹತ್ತಿರ ನಿಂತುಬಿಟ್ಟಿತಂತೆ.
ಮೀನಿನ ನೀರು ಸೀಟಿನಡಿ ಹರಿದು
ಯಾರದೋ ಬಿಳಿ ಬೂಟಿಗೆ, ಯಾರದೋ ಲ್ಯಾಪ್‌ಟಾಪ್ ಚೀಲಕ್ಕೆ,
ಕಂಡಕ್ಟರನ ಬಾಯಿಗೆ.
"ಕಡೆಗೆ ಎಂತಾಯ್ತು?" ಅಂದೆ.
"ಬುಟ್ಟಿಯವರನ್ನು ಇಳಿಸಿದರು ಟೀಚರ್.
ಎತ್ತಿಕೊಡಲಿಕ್ಕೆ ನಾನೂ ಇಳಿದೆ."
ಸ್ವಲ್ಪ ತಡೆದು,
"ನನ್ನ ಅಜ್ಜಿ."

ದಿನಾ ಅವನ ಪಕ್ಕ ಮೂಗು ಮುರಿಯುವ ಬೆಂಚು
ಅವತ್ತು ಕಂಪಾಸ್ ಪೆಟ್ಟಿಗೆಯೊಳಗೆ ಏನನ್ನೋ ಹುಡುಕುತ್ತಿತ್ತು.

ಬಕೆಟ್ಟನ್ನು ಒರೆಸಿದೆ.
ಬರೆದೆ: ಬುಟ್ಟಿ ಸೋರಬಾರದು. ಹೇಗೆ?

ಮರುದಿನ ಸುಹೈಮಾ ಮಾಮನ ಐಸ್ ಪ್ಲಾಂಟಿನಿಂದ
ಗೋಣಿ ಸುತ್ತಿ ಮೂರು ಕಿಲೋ ಐಸ್ ತಂದಳು.
ಜಗಲಿಯಲ್ಲಿ ಬುಟ್ಟಿ, ಅದರಡಿ ಬಿಸಿಯೂಟದ ಬಾಣಲೆ,
ಐದೈದು ನಿಮಿಷಕ್ಕೊಮ್ಮೆ ಅಳೆಯುವ ಜಾಡಿ.
ಮಲ್ಪೆಯಿಂದ ಮಣಿಪಾಲ, ನಲವತ್ತು ನಿಮಿಷ:
ಆರುನೂರ ಐವತ್ತು ಮಿಲಿಲೀಟರ್.
"ಒಂದು ಜಗಳದ ಘನಫಲ" ಅಂದಳು ಫ್ಲೇವಿಯಾ.
ಹಾಗೇ ಬರೆದುಕೊಂಡೆವು.

ಪ್ಲಾಸ್ಟಿಕ್ ಹಾಸಿದರಾಯ್ತು ಎಂದು ಎಲ್ಲರೂ; ನಾನೂ.
ಗುರುವಾರ ಕಲ್ಯಾಣಿ ತಿಂಗಳಾಯರೇ ಬಂದರು,
ವ್ಯಾಪಾರ ಮುಗಿಸಿ, ಸೆರಗಿನಲ್ಲಿ ಚಿಲ್ಲರೆ ಕಟ್ಟಿಕೊಂಡು.
ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು:
"ನೀರಲ್ಲಿ ಕೂತ ಬಂಗುಡೆ
ಮಧ್ಯಾಹ್ನಕ್ಕೆ ಕಣ್ಣು ಬಿಳಿ ಮಾಡ್ತದೆ ಮಕ್ಕಳೇ.
ನೀರು ಹೋಗಬೇಕು."
ಹೋಗಬೇಕು, ಹೋಗಲೂಬಾರದು.
ಇಂಥ ಲೆಕ್ಕವನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ಮೇಲೆ ಬೆತ್ತದ ಜಾಲರಿ,
ಕೆಳಗೆ ಅರ್ಧ ಕೊಯ್ದ ಪೇಂಟಿನ ಡಬ್ಬ,
ಬದಿಗೆ ತಮೀಮ್ ಎಲ್ಲಿಂದಲೋ ಕಿತ್ತು ತಂದ ನಲ್ಲಿ
(ಎಲ್ಲಿಂದ ಎಂದು ನಾನು ಕೇಳಿಲ್ಲ).
ಒಂದು ಗಂಟೆ. ಬಾಣಲೆ ಒಣ.
ಮಕ್ಕಳು ಕುಣಿದದ್ದಕ್ಕೆ ಹೆಡ್ಮಾಸ್ಟ್ರು ಕಿಟಕಿಯಿಂದ ಬೈದರು.

ಅಜ್ಜಿ ಸಿಂಬೆ ಇಟ್ಟು, ಬುಟ್ಟಿ ಹೊತ್ತು
ಧ್ವಜಕಂಬದಿಂದ ಗೇಟಿನವರೆಗೆ ನಡೆದರು, ತಿರುಗಿ ಬಂದರು.
"ಚಂದ ಉಂಟು" ಅಂದರು.
ಆ ಮಾತನ್ನು ಅವರು ಇಳಿಸಿದ ರೀತಿಯಲ್ಲೇ
ನನಗೆ ಗೊತ್ತಾಯಿತು.
"ಆದರೆ ಒಳಗೆ ನೀರು ನಡೀತದೆ ಟೀಚರೇ.
ನಾನು ಎಡಕ್ಕೆ ಹೋದರೆ ಅದು ಬಲಕ್ಕೆ.
ಕುತ್ತಿಗೆ ಅಳೆದಿದ್ದೀರಾ?"

ತ್ರಿಜ್ಯ ಅಳೆದಿದ್ದೆವು, ಎತ್ತರ, ಓರೆ ಎತ್ತರ,
ಕರಗುವ ವೇಗ, ಬಸ್ಸಿನ ವೇಳೆ.

ಆ ವಾರವೇ ಪರಿಶೀಲನೆಗೆ ಬಂದವರು
ಮೀನಿನ ವಾಸನೆಗೆ ಕರವಸ್ತ್ರ ಹಿಡಿದು ಕೇಳಿದರು:
"ಇದು ಯಾವ ಅಧ್ಯಾಯ?"
ಭಿನ್ನಕ, ಅಂದೆ.
ಸೂತ್ರ ಸರಿ ಇತ್ತು. ಸಹಿ ಹಾಕಿದರು.

ಈಗ ತಳದಲ್ಲಿ ತೆಂಗಿನ ನಾರು ತುಂಬಿದ್ದೇವೆ.
ನಾರು ನೀರನ್ನು ಕುಡಿಯುತ್ತದೆ, ಕುಡಿದದ್ದು ಅಲ್ಲಾಡುವುದಿಲ್ಲ.
ವಾಸನೆಯ ಪ್ರಶ್ನೆ ಹಾಗೇ ಇದೆ, ತೂಕದ್ದೂ.
ಭಿನ್ನಕದ ಪಾಠ ಮುಗಿದು ಐದು ವಾರ;
ಸಂಖ್ಯಾಶಾಸ್ತ್ರ ಕಾಯುತ್ತಾ ಕೂತಿದೆ.

ಭಾನುವಾರ, ಕೆಲಸವೇನೂ ಇಲ್ಲದೆ, ಮಲ್ಪೆಗೆ ಹೋಗಿ
ಎಂಟು ಹತ್ತರ ಬಸ್ಸು ಹತ್ತಿದೆ.
ಹಿಂದಿನ ಬಾಗಿಲ ಬಳಿ ಅವರು, ಕಾಲ ನಡುವೆ ಬುಟ್ಟಿ.
ನಾನು ಅವರ ಮುಖ ನೋಡಲಿಲ್ಲ, ನೆಲ ನೋಡಿದೆ.
ಕಲ್ಮಾಡಿ, ಒಣ. ಆದಿಉಡುಪಿ, ಒಣ.
ಕಲ್ಸಂಕದ ತಿರುವಿನಲ್ಲಿ ಒಂದು ಸಣ್ಣ ಗೆರೆ
ಸೀಟಿನಡಿಯಿಂದ ಹೊರಟು
ನನ್ನ ಚಪ್ಪಲಿಯ ಕಡೆಗೇ ಬಂತು.

ಕಾಲು ಎಳೆದುಕೊಳ್ಳಲಿಲ್ಲ.
ಗಡಿಯಾರ ನೋಡಿ, ಟಿಕೆಟ್ಟಿನ ಹಿಂದೆ ಬರೆದೆ:
ಇಪ್ಪತ್ತಾರನೆಯ ನಿಮಿಷ.